ಸರ್ವ್‌ಲೆಟ್‌ನಿಂದ ಜೆಎಸ್‌ಪಿಗೆ ಫಾರ್ವರ್ಡ್ ಮಾಡುವಾಗ ದೊಡ್ಡ ಪಟ್ಟಿಗೆ ಮಾತ್ರ ದೋಷ ಬರುತ್ತಿದೆ. ಫಾರ್ವರ್ಡ್ ಎಲ್ಲಿ, ರಿಡೈರೆಕ್ಟ್ ಎಲ್ಲಿ ಬಳಸಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳಿಗ್ಗೆ ಮತ್ತು ಸಂಜೆ ಸದಸ್ಯರಿಂದ ಪಡೆಯುವ ಹಾಲಿನ ಲೀಟರ್ ಲೆಕ್ಕವನ್ನೂ ಫ್ಯಾಟ್ ಪ್ರಮಾಣವನ್ನೂ ದಾಖಲಿಸುವ ಒಂದು ವೆಬ್ ಅಪ್ಲಿಕೇಶನ್‌ನ ನಿರ್ವಹಣೆ ಎರಡು ತಿಂಗಳ ಹಿಂದೆ ನನ್ನ ಕೈಗೆ ಬಂದಿದೆ. ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್ 9, ಸಾದಾ ಸರ್ವ್‌ಲೆಟ್ (ರಿಕ್ವೆಸ್ಟ್‌ಗೆ ಉತ್ತರಿಸುವ ಜಾವಾ ಕೋಡ್) ಮತ್ತು ಜೆಎಸ್‌ಪಿ (ಪುಟವನ್ನು ರೂಪಿಸುವ ಕಡತ), ಯಾವ ಫ್ರೇಮ್‌ವರ್ಕೂ ಇಲ್ಲ. ನಾನು ಕಲಿತದ್ದು ಹೆಚ್ಚಾಗಿ ಡೇಟಾಬೇಸ್ ಕೆಲಸವಾದ್ದರಿಂದ ಸರ್ವರ್ ಒಳಗಿನ ಈ ಹಸ್ತಾಂತರ ನನಗೆ ಇನ್ನೂ ಪೂರ್ತಿ ಅರ್ಥವಾಗಿಲ್ಲ.

ಕೆಲಸ ನಡೆಯುವ ರೀತಿ ಇದು. ಕಾರ್ಯದರ್ಶಿಯವರು ಫಾರ್ಮ್ ತುಂಬಿ ‘ಉಳಿಸಿ’ ಎಂದು ಒತ್ತಿದಾಗ ಪೋಸ್ಟ್ ರಿಕ್ವೆಸ್ಟ್ (ದತ್ತಾಂಶ ಕಳುಹಿಸುವ ಬಗೆಯದು) ದಾಖಲೆ ಸರ್ವ್‌ಲೆಟ್‌ಗೆ ಬರುತ್ತದೆ. ಅದು ಮೌಲ್ಯಗಳನ್ನು ಪರಿಶೀಲಿಸಿ, ಡೇಟಾಬೇಸ್‌ಗೆ ಬರೆದು, ಆ ಹೊತ್ತಿನ ಪಟ್ಟಿಯನ್ನು ಆಟ್ರಿಬ್ಯೂಟ್ ಆಗಿ ರಿಕ್ವೆಸ್ಟ್‌ಗೆ ಸೇರಿಸಿ, ರಿಕ್ವೆಸ್ಟ್ ಡಿಸ್ಪ್ಯಾಚರ್ ಮೂಲಕ ಪಟ್ಟಿಯ ಜೆಎಸ್‌ಪಿಗೆ ಫಾರ್ವರ್ಡ್ ಮಾಡುತ್ತದೆ. ಪಟ್ಟಿಯನ್ನು ನೇರವಾಗಿ ಗೆಟ್ (ಬರಿಯ ಓದುವ ಬಗೆಯ ರಿಕ್ವೆಸ್ಟ್) ಮೂಲಕ ತೆರೆದಾಗಲೂ ಇದೇ ಜೆಎಸ್‌ಪಿಗೇ ಫಾರ್ವರ್ಡ್ ಆಗುತ್ತದೆ. ಪೋಸ್ಟ್ ಭಾಗದಲ್ಲಿ ಹಿಂದಿನವರು ಪರೀಕ್ಷೆಗೆಂದು ಬರೆದ ಕೆಲವು ಪ್ರಿಂಟ್‌ಎಲ್‌ಎನ್ ಸಾಲುಗಳೂ ಇವೆ. ಅವು ಸದಸ್ಯರ ಹೆಸರು ಮತ್ತು ಲೀಟರನ್ನು ರೆಸ್ಪಾನ್ಸ್ ರೈಟರ್‌ಗೆ ಬರೆಯುತ್ತವೆ. ಪರದೆಯ ಮೇಲೆ ಅವು ಎಂದೂ ಕಾಣಿಸದ ಕಾರಣ ನಾನು ಹಾಗೆಯೇ ಬಿಟ್ಟಿದ್ದೇನೆ.

ನನ್ನ ತೊಂದರೆಗಳು ಹೀಗಿವೆ. ಸುಮಾರು 40 ಸದಸ್ಯರಿರುವ ಸಂಘಗಳಲ್ಲಿ ಎಲ್ಲವೂ ಸರಿ, ಆದರೆ 300ಕ್ಕೂ ಹೆಚ್ಚು ಸದಸ್ಯರಿರುವ ಸಂಘದಲ್ಲಿ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್ ಬಂದು, ರೆಸ್ಪಾನ್ಸ್ ಆಗಲೇ ಕಮಿಟ್ ಆಗಿರುವುದರಿಂದ ಫಾರ್ವರ್ಡ್ ಸಾಧ್ಯವಿಲ್ಲ ಎಂಬ ಸಂದೇಶ ಲಾಗ್‌ನಲ್ಲಿ ಬೀಳುತ್ತದೆ. ಎರಡನೆಯದಾಗಿ, ದಾಖಲೆ ಉಳಿಸಿದ ಮೇಲೆ ಯಾರಾದರೂ ಎಫ್5 ಒತ್ತಿದರೆ ಅದೇ ಹಾಲು ಎರಡನೆಯ ಸಲ ದಾಖಲಾಗುತ್ತದೆ. ಮೂರನೆಯದಾಗಿ, ಫ್ಯಾಟ್ ಖಾಲಿ ಬಿಟ್ಟರೆ ದೋಷದ ಪುಟವೇನೋ ಸರಿಯಾಗಿ ಬರುತ್ತದೆ, ಆದರೆ ಸೊನ್ನೆ ಫ್ಯಾಟ್‌ನೊಂದಿಗೆ ದಾಖಲೆಯೂ ಉಳಿದಿರುತ್ತದೆ. ಇನ್ನು ಕನ್ನಡ ಅಕ್ಷರಗಳದ್ದು ಬೇರೆಯೇ ಕಥೆ: ಪೋಸ್ಟ್ ಆದ ತಕ್ಷಣ ಬರುವ ಪುಟದಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿ ಕಾಣುತ್ತದೆ, ಗೆಟ್ ಮೂಲಕ ತೆರೆದರೆ ಶೀರ್ಷಿಕೆಗಳು ಸರಿ ಇರುತ್ತವೆ, ಆದರೆ ಹೊಸದಾಗಿ ಸೇರಿಸಿದ ಸದಸ್ಯರ ಹೆಸರುಗಳು ರೋಮನ್ ಅಕ್ಷರಗಳ ವಿಚಿತ್ರ ಸಾಲಾಗಿ ಕಾಣುತ್ತವೆ. ಜೆಎಸ್‌ಪಿಯ ಮೊದಲ ಸಾಲಿನಲ್ಲೇ ರಿಕ್ವೆಸ್ಟ್‌ನ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ಹೇಳಿದ್ದೇನೆ.

ಫಾರ್ವರ್ಡ್ ತೆಗೆದು ಎಲ್ಲ ಕಡೆ ರಿಡೈರೆಕ್ಟ್ ಹಾಕಿಬಿಡಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಅದು ಸರಿಯೇ? ರೈತರ ಹಣದ ಲೆಕ್ಕವಾದ್ದರಿಂದ ಅಂದಾಜಿನ ಮೇಲೆ ಬದಲಾಯಿಸಲು ನನಗೆ ಧೈರ್ಯವಿಲ್ಲ.

ಉತ್ತರ 1

ನೀವು ಲಕ್ಷಣಗಳನ್ನು ಇಷ್ಟು ಬಿಡಿಸಿ ಬರೆದಿರುವುದರಿಂದ ಕೋಡ್ ನೋಡದೆಯೂ ಹೆಚ್ಚಿನದನ್ನು ಹೇಳಬಹುದು. ಎಲ್ಲ ಕಡೆ ರಿಡೈರೆಕ್ಟ್ ಹಾಕುವುದು ಪರಿಹಾರವಲ್ಲ. ಎರಡೂ ಬೇರೆ ಬೇರೆ ಕೆಲಸಗಳು, ನಿಮ್ಮ ಅಪ್ಲಿಕೇಶನ್‌ಗೆ ಎರಡೂ ಬೇಕು.

ಫಾರ್ವರ್ಡ್ ಎಂಬುದು ಸರ್ವರ್ ಒಳಗೇ ಮುಗಿಯುವ ವ್ಯವಹಾರ. ಬ್ರೌಸರ್ ಒಂದೇ ರಿಕ್ವೆಸ್ಟ್ ಕಳುಹಿಸಿರುತ್ತದೆ, ಒಂದೇ ಉತ್ತರವನ್ನು ಪಡೆಯುತ್ತದೆ. ನಡುವೆ ಆ ರಿಕ್ವೆಸ್ಟನ್ನು ಒಂದು ಸರ್ವ್‌ಲೆಟ್ ಇನ್ನೊಂದಕ್ಕೆ ದಾಟಿಸಿತೆಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಆದ್ದರಿಂದಲೇ ಬ್ರೌಸರ್‌ನ ಅಡ್ರೆಸ್ ಬಾರ್‌ನಲ್ಲಿ ಹಳೆಯ ವಿಳಾಸವೇ ಉಳಿಯುತ್ತದೆ, ನೀವು ಸೇರಿಸಿದ ಆಟ್ರಿಬ್ಯೂಟ್‌ಗಳು ಜೆಎಸ್‌ಪಿಗೆ ಸಿಗುತ್ತವೆ, ಪೋಸ್ಟ್ ಆಗಿ ಬಂದದ್ದು ಪೋಸ್ಟ್ ಆಗಿಯೇ ಮುಂದೆ ಹೋಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಜಾವಾದ ದೃಷ್ಟಿಯಲ್ಲಿ ಫಾರ್ವರ್ಡ್ ಎಂದರೆ ಒಂದು ಸಾಧಾರಣ ಮೆಥಡ್ ಕರೆ. ಅದೇ ಥ್ರೆಡ್‌ನಲ್ಲಿ ಜೆಎಸ್‌ಪಿ ಓಡಿ ಮುಗಿದ ಮೇಲೆ ನಿಯಂತ್ರಣ ನಿಮ್ಮ ಸರ್ವ್‌ಲೆಟ್‌ಗೆ, ಫಾರ್ವರ್ಡ್‌ನ ಮುಂದಿನ ಸಾಲಿಗೆ, ಮರಳಿ ಬರುತ್ತದೆ.

ನಿಮ್ಮ ಸೊನ್ನೆ ಫ್ಯಾಟ್ ದಾಖಲೆಯ ಮೂಲ ಇಲ್ಲಿದೆ. ಪರಿಶೀಲನೆಯಲ್ಲಿ ತಪ್ಪು ಕಂಡಾಗ ದೋಷದ ಪುಟಕ್ಕೆ ಫಾರ್ವರ್ಡ್ ಮಾಡುವ ಸಾಲಿನ ಕೆಳಗೆ ರಿಟರ್ನ್ ಇಲ್ಲವೆಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಲ್ಲೆ. ದೋಷದ ಪುಟ ಸಿದ್ಧವಾಗುತ್ತದೆ, ನಿಯಂತ್ರಣ ಹಿಂದಿರುಗುತ್ತದೆ, ಕೆಳಗಿರುವ ಡೇಟಾಬೇಸ್ ಸಾಲುಗಳು ಯಾವ ತಡೆಯೂ ಇಲ್ಲದೆ ಓಡುತ್ತವೆ. ಫಾರ್ವರ್ಡ್ ಎಂಬ ಹೆಸರನ್ನು ಕೇಳಿದವರಿಗೆ ಅಲ್ಲಿಗೆ ಹೋದದ್ದು ಹೋಯಿತು ಎಂದು ತೋರುವುದು ಸಹಜ, ಆದರೆ ಅದು ಹೋಗಿ ಬರುತ್ತದೆ. ಪ್ರತಿಯೊಂದು ಫಾರ್ವರ್ಡ್‌ನ ಮತ್ತು ಪ್ರತಿಯೊಂದು ಸೆಂಡ್ ರಿಡೈರೆಕ್ಟ್‌ನ ಕೆಳಗೆ ರಿಟರ್ನ್ ಬರೆಯುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಈಗ ದೊಡ್ಡ ಸಂಘದ ದೋಷಕ್ಕೆ ಬರೋಣ. ನೀವು ರೈಟರ್‌ಗೆ ಬರೆದದ್ದು ಕೂಡಲೇ ಬ್ರೌಸರ್‌ಗೆ ಹೋಗುವುದಿಲ್ಲ. ಮೊದಲು ಒಂದು ಬಫರ್‌ನಲ್ಲಿ ಸಂಗ್ರಹವಾಗುತ್ತದೆ. ಟಾಮ್‌ಕ್ಯಾಟ್‌ನಲ್ಲಿ ಇದರ ಮೂಲ ಗಾತ್ರ 8,192 ಬೈಟ್. ಬಫರ್ ತುಂಬಿ ಹರಿದ ಕ್ಷಣದಲ್ಲಿ ಸ್ಟೇಟಸ್ ಮತ್ತು ಹೆಡರ್‌ಗಳು ಬ್ರೌಸರ್ ಕಡೆಗೆ ಹೊರಟುಬಿಡುತ್ತವೆ. ರೆಸ್ಪಾನ್ಸ್ ಕಮಿಟ್ ಆಯಿತು ಎನ್ನುವುದು ಇದಕ್ಕೇ. ಹೊರಟ ಪತ್ರವನ್ನು ಮತ್ತೆ ಬರೆಯಲಾಗದು. ಫಾರ್ವರ್ಡ್‌ನ ನಿಯಮವೇನೆಂದರೆ, ಕಮಿಟ್ ಆಗುವ ಮುನ್ನ ಕರೆದರೆ ಬಫರ್‌ನಲ್ಲಿರುವುದನ್ನು ಸದ್ದಿಲ್ಲದೆ ಅಳಿಸಿ, ಮುಂದಿನ ಘಟಕಕ್ಕೆ ಖಾಲಿ ಹಾಳೆ ಕೊಡಬೇಕು. ಕಮಿಟ್ ಆದ ಮೇಲೆ ಕರೆದರೆ ಇಲ್ಲೀಗಲ್ ಸ್ಟೇಟ್ ಎಕ್ಸೆಪ್ಶನ್ ಎಸೆಯಬೇಕು. ಒಬ್ಬ ಸದಸ್ಯರಿಗೆ ಸುಮಾರು 100 ಅಕ್ಷರ ಎಂದಿಟ್ಟುಕೊಂಡರೆ 40 ಸದಸ್ಯರಿಗೆ 4,000 ಆಗುತ್ತದೆ. ಅದು ಬಫರ್‌ನಲ್ಲೇ ಇದ್ದು, ಫಾರ್ವರ್ಡ್ ಆಗುವಾಗ ಅಳಿಸಿಹೋಗುತ್ತದೆ, ಅದಕ್ಕೇ ಆ ಸಾಲುಗಳನ್ನು ನೀವು ಎಂದೂ ಕಂಡಿಲ್ಲ. 300 ಸದಸ್ಯರಿಗೆ ಅದು 30,000 ದಾಟುತ್ತದೆ. ಫಾರ್ವರ್ಡ್ ಸಾಲಿಗೆ ಬರುವ ಹೊತ್ತಿಗೆ ಪತ್ರ ಹೊರಟಾಗಿರುತ್ತದೆ. ಎರಡೂ ಸಂಘಗಳಲ್ಲಿ ತಪ್ಪು ಒಂದೇ ಇದೆ, ಚಿಕ್ಕ ಸಂಘದಲ್ಲಿ ಅದು ಮುಚ್ಚಿಹೋಗಿದೆ ಅಷ್ಟೆ.

ಬಫರ್ ದೊಡ್ಡದು ಮಾಡಿ ಎಂದು ಕೆಲವರು ಸಲಹೆ ಕೊಡಬಹುದು. ದಯವಿಟ್ಟು ಹಾಗೆ ಮಾಡಬೇಡಿ, ಅದು ತಪ್ಪನ್ನು 300ರಿಂದ 3,000 ಸದಸ್ಯರವರೆಗೆ ಮುಂದೂಡುತ್ತದೆ ಅಷ್ಟೆ. ಪ್ರಿಂಟ್‌ಎಲ್‌ಎನ್ ಸಾಲುಗಳನ್ನು ತೆಗೆದುಹಾಕಿ. ಪರೀಕ್ಷೆಗೆ ಬೇಕಿದ್ದರೆ ಲಾಗರ್‌ಗೆ ಬರೆಯಿರಿ. ಫಾರ್ವರ್ಡ್ ಮಾಡುವ ಸರ್ವ್‌ಲೆಟ್ ರೆಸ್ಪಾನ್ಸ್‌ಗೆ ಒಂದಕ್ಷರವನ್ನೂ ಬರೆಯಬಾರದು. ಅದರ ಕೆಲಸ ಓದುವುದು, ತೀರ್ಮಾನಿಸುವುದು, ಆಟ್ರಿಬ್ಯೂಟ್ ಜೋಡಿಸುವುದು, ದಾಟಿಸುವುದು.

ಎಫ್5ರ ವಿಷಯದಲ್ಲಿ ಮಾತ್ರ ನಿಮ್ಮ ಸಹೋದ್ಯೋಗಿ ಹೇಳಿದ್ದು ಸರಿ. ಪೋಸ್ಟ್‌ಗೆ ಉತ್ತರವಾಗಿ ಫಾರ್ವರ್ಡ್ ಮಾಡಿದ ಪುಟವನ್ನು ಕೊಟ್ಟರೆ ಬ್ರೌಸರ್‌ನ ನೆನಪಿನಲ್ಲಿ ಆ ಪುಟವೆಂದರೆ ಆ ಪೋಸ್ಟ್ ಎಂದೇ ಉಳಿಯುತ್ತದೆ, ರಿಫ್ರೆಶ್ ಮಾಡಿದಾಗ ಅದನ್ನೇ ಮತ್ತೆ ಕಳುಹಿಸುತ್ತದೆ. ದಾಖಲೆ ಉಳಿದ ಮೇಲೆ ರಿಡೈರೆಕ್ಟ್ ಮಾಡಿದರೆ ಸರ್ವರ್ 302 ಸ್ಟೇಟಸ್ ಮತ್ತು ಹೊಸ ವಿಳಾಸವನ್ನು ಕಳುಹಿಸುತ್ತದೆ, ಬ್ರೌಸರ್ ತಾನೇ ಹೊಸ ಗೆಟ್ ರಿಕ್ವೆಸ್ಟ್ ಕಳುಹಿಸಿ ಪಟ್ಟಿಯನ್ನು ತರುತ್ತದೆ; ಆಮೇಲೆ ಎಷ್ಟು ಸಲ ಎಫ್5 ಒತ್ತಿದರೂ ಓದುವ ಕೆಲಸವೇ ಮರುಕಳಿಸುತ್ತದೆ. ದತ್ತಾಂಶ ಬದಲಾಯಿಸುವ ಕೆಲಸ ಯಶಸ್ವಿಯಾಗಿ ಮುಗಿದರೆ ರಿಡೈರೆಕ್ಟ್. ಬರಿಯ ಓದುವ ಕೆಲಸಕ್ಕೂ, ಫಾರ್ಮ್‌ನಲ್ಲಿ ತಪ್ಪಿದ್ದು ಅದನ್ನು ತುಂಬಿದ ಮೌಲ್ಯಗಳ ಸಮೇತ ಮತ್ತೆ ತೋರಿಸಬೇಕಾದಾಗಲೂ ಫಾರ್ವರ್ಡ್. ನಾನು ಪಾಲಿಸುವ ಕ್ರಮ ಇಷ್ಟೇ.

ರಿಡೈರೆಕ್ಟ್‌ನಲ್ಲಿ ರಿಕ್ವೆಸ್ಟ್ ಹೊಸದಾಗಿರುವುದರಿಂದ ಹಳೆಯ ಆಟ್ರಿಬ್ಯೂಟ್‌ಗಳು ಉಳಿಯುವುದಿಲ್ಲ. ‘ದಾಖಲೆ ಉಳಿಯಿತು’ ಎಂಬ ಸಂದೇಶವನ್ನು ಸೆಷನ್‌ನಲ್ಲಿ (ಒಬ್ಬ ಬಳಕೆದಾರರ ಮಾಹಿತಿಯನ್ನು ರಿಕ್ವೆಸ್ಟ್‌ಗಳ ನಡುವೆ ಸರ್ವರ್ ನೆನಪಿಡುವ ಜಾಗ) ಇಟ್ಟು, ಗೆಟ್ ಭಾಗದಲ್ಲಿ ಓದಿದ ತಕ್ಷಣ ಅಳಿಸಿಬಿಡಿ. ಅದನ್ನು ವಿಳಾಸದಲ್ಲೇ ಪ್ಯಾರಾಮೀಟರ್ ಆಗಿ ಕಳುಹಿಸುವ ಆಸೆ ಬರಬಹುದು. ಆದರೆ ಕನ್ನಡದ ಒಂದೊಂದು ಸಂಕೇತವೂ ಯುಟಿಎಫ್-8ರಲ್ಲಿ 3 ಬೈಟ್ ಆಗಿ, ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಂದಿಗೆ 9 ಚಿಹ್ನೆಗಳಾಗುತ್ತದೆ. ಎನ್‌ಕೋಡ್ ಮಾಡದೆ ಬಿಟ್ಟರಂತೂ ಸಂದೇಶ ಕೆಟ್ಟುಹೋಗುತ್ತದೆ.

ಎಡವುವ ಜಾಗ ಇನ್ನೊಂದಿದೆ. ರಿಕ್ವೆಸ್ಟ್ ಡಿಸ್ಪ್ಯಾಚರ್‌ಗೆ ಕೊಡುವ ವಿಳಾಸ ಓರೆಗೆರೆಯಿಂದ (/) ಆರಂಭವಾದರೆ ಅದು ನಿಮ್ಮ ಅಪ್ಲಿಕೇಶನ್‌ನ ಬುಡದಿಂದ ಲೆಕ್ಕ. ಸೆಂಡ್ ರಿಡೈರೆಕ್ಟ್‌ಗೆ ಕೊಡುವ ವಿಳಾಸ ಓರೆಗೆರೆಯಿಂದ ಆರಂಭವಾದರೆ ಅದು ಇಡೀ ಸರ್ವರ್‌ನ ಬುಡದಿಂದ ಲೆಕ್ಕ. ಫಾರ್ವರ್ಡ್‌ನ ಸಾಲನ್ನು ನಕಲು ಮಾಡಿ ರಿಡೈರೆಕ್ಟ್ ಆಗಿ ಬದಲಾಯಿಸಿದಾಗ 404 ಬರುವುದು ಈ ಕಾರಣದಿಂದ. ರಿಡೈರೆಕ್ಟ್‌ನಲ್ಲಿ ಮುಂದುಗಡೆ ಗೆಟ್ ಕಾಂಟೆಕ್ಸ್ಟ್ ಪಾತ್ (ಅಪ್ಲಿಕೇಶನ್‌ನ ಬುಡದ ವಿಳಾಸ ಕೊಡುವ ಮೆಥಡ್) ಸೇರಿಸಲು ಮರೆಯಬೇಡಿ.

ಉತ್ತರ 2

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಲೆಕ್ಕದ ಅಪ್ಲಿಕೇಶನ್ ಎಂದಿದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕು: ರಿಡೈರೆಕ್ಟ್ ಎಫ್5ನ್ನು ತಡೆಯುತ್ತದೆ, ಗಡಿಬಿಡಿಯಲ್ಲಿ ‘ಉಳಿಸಿ’ ಗುಂಡಿಯನ್ನು ಎರಡು ಸಲ ಒತ್ತುವುದನ್ನು ತಡೆಯುವುದಿಲ್ಲ. ಮೊದಲ ಉತ್ತರ ಬರುವ ಮುನ್ನವೇ ಎರಡನೆಯ ಪೋಸ್ಟ್ ಹೊರಟಿರುತ್ತದೆ. ಸಂಘದಲ್ಲಿ ನೆಟ್‌ವರ್ಕ್ ನಿಧಾನವಿದ್ದಷ್ಟೂ ಇದರ ಸಾಧ್ಯತೆ ಹೆಚ್ಚು. ಸದಸ್ಯ ಸಂಖ್ಯೆ, ದಿನಾಂಕ, ಹೊತ್ತು ಈ ಮೂರರ ಮೇಲೆ ಡೇಟಾಬೇಸ್‌ನಲ್ಲಿ ಯುನೀಕ್ ಕೀ ಹಾಕಿ. ನೀವು ಡೇಟಾಬೇಸ್ ಬಲ್ಲವರಾದ್ದರಿಂದ ಇದನ್ನು ವಿವರಿಸಬೇಕಾಗಿಲ್ಲ. ಒಂದೇ ಹೊತ್ತಿನಲ್ಲಿ ಎರಡು ಕ್ಯಾನ್ ತರುವ ಸದಸ್ಯರಿದ್ದರೆ ಫಾರ್ಮ್‌ಗೆ ಒಂದು ಗುಪ್ತ ಕ್ರಮಸಂಖ್ಯೆ ಕೊಟ್ಟು ಅದನ್ನೂ ಕೀಯಲ್ಲಿ ಸೇರಿಸಬೇಕಾಗುತ್ತದೆ.

ಈಗ ಕನ್ನಡದ ವಿಷಯ. ಪ್ರಶ್ನಾರ್ಥಕ ಚಿಹ್ನೆಗಳು ಮತ್ತು ವಿಚಿತ್ರ ರೋಮನ್ ಸಾಲು ಎರಡೂ ಒಂದೇ ಕಾಯಿಲೆಯಂತೆ ತೋರಿದರೂ ಒಂದು ಹೊರಹೋಗುವ ದಾರಿಯಲ್ಲಿ, ಇನ್ನೊಂದು ಒಳಬರುವ ದಾರಿಯಲ್ಲಿ ಆದದ್ದು.

ಒಳಬರುವ ದಾರಿಯನ್ನು ಮೊದಲು ನೋಡೋಣ. ಫಾರ್ಮ್‌ನಿಂದ ಬರುವ ಬೈಟ್‌ಗಳನ್ನು ಯಾವ ಎನ್‌ಕೋಡಿಂಗ್‌ನಲ್ಲಿ ಓದಬೇಕೆಂದು ಯಾರೂ ಹೇಳದಿದ್ದರೆ ಟಾಮ್‌ಕ್ಯಾಟ್ 9 ಪೋಸ್ಟ್‌ನ ಪ್ಯಾರಾಮೀಟರ್‌ಗಳನ್ನು ರೋಮನ್ ಅಕ್ಷರಗಳ ಎನ್‌ಕೋಡಿಂಗ್ ಆದ ಐಎಸ್‌ಒ-8859-1 ಎಂದು ಓದುತ್ತದೆ. ಮೊದಲ ಸಲ ಗೆಟ್ ಪ್ಯಾರಾಮೀಟರ್ ಕರೆದಾಗಲೇ ಎಲ್ಲ ಪ್ಯಾರಾಮೀಟರ್‌ಗಳೂ ಬಿಡಿಸಿ ಸಿದ್ಧವಾಗುತ್ತವೆ, ಅನಂತರ ಎನ್‌ಕೋಡಿಂಗ್ ಬದಲಾಯಿಸಿದರೆ ಪ್ರಯೋಜನವಿಲ್ಲ. ನೀವು ಅದನ್ನು ಹೇಳಿರುವುದು ಜೆಎಸ್‌ಪಿಯಲ್ಲಿ. ಆದರೆ ಜೆಎಸ್‌ಪಿಗೆ ಸರದಿ ಬರುವುದು ಫಾರ್ವರ್ಡ್ ಆದ ಮೇಲೆ, ಅಂದರೆ ದಾಖಲೆ ಸರ್ವ್‌ಲೆಟ್ ಹೆಸರನ್ನು ಓದಿ ಡೇಟಾಬೇಸ್‌ಗೂ ಬರೆದಾದ ಮೇಲೆ. ದಾಟಿಸಿದ ರಿಕ್ವೆಸ್ಟ್ ಅದೇ ರಿಕ್ವೆಸ್ಟ್ ಆಗಿರುವುದರಿಂದ ಅದು ಮತ್ತೊಮ್ಮೆ ಬಿಡಿಸಿಕೊಳ್ಳುವುದಿಲ್ಲ. ನಿಮ್ಮ ಪರದೆಯಲ್ಲಿ ತಲೆಯ ಮೇಲೆ ಓರೆಗೆರೆಯಿರುವ ರೋಮನ್ ‘ಎ’ ಮತ್ತೆ ಮತ್ತೆ ಬಂದು, ಅದರ ಪಕ್ಕದಲ್ಲಿ ಮೇಲಕ್ಕೆ ಬರೆದ ಸಣ್ಣ 2 ಅಥವಾ 3 ಕಾಣುತ್ತಿರಬೇಕು. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟ್ ಒಂದೇ ಆಗಿದ್ದು, ಎರಡನೆಯ ಬೈಟ್‌ನಲ್ಲಿ ಎರಡೇ ಬಗೆಗಳಿರುವುದರಿಂದ ಈ ಗುರುತು ತಪ್ಪುವುದಿಲ್ಲ.

ಪರಿಹಾರವಾಗಿ ಎನ್‌ಕೋಡಿಂಗನ್ನು ಎಲ್ಲಕ್ಕಿಂತ ಮೊದಲು ಓಡುವ ಫಿಲ್ಟರ್‌ನಲ್ಲಿ (ಸರ್ವ್‌ಲೆಟ್‌ಗೂ ಮುನ್ನ ರಿಕ್ವೆಸ್ಟ್ ಹಾದುಹೋಗುವ ಕೋಡ್) ಹೇಳಿ. ಟಾಮ್‌ಕ್ಯಾಟ್ 9 ಸರ್ವ್‌ಲೆಟ್ 4.0 ಅನ್ನು ಬೆಂಬಲಿಸುವುದರಿಂದ ಅಪ್ಲಿಕೇಶನ್‌ನ ಸಂರಚನಾ ಕಡತವಾದ ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ರಿಕ್ವೆಸ್ಟ್ ಕ್ಯಾರೆಕ್ಟರ್ ಎನ್‌ಕೋಡಿಂಗ್ ಎಂಬ ಒಂದೇ ಸಾಲು ಬರೆದರೂ ಸಾಕು. ಹಳೆಯ ಫಿಲ್ಟರ್‌ಗಳಲ್ಲಿ ಯಾವುದಾದರೂ ಅದಕ್ಕೂ ಮೊದಲು ಗೆಟ್ ಪ್ಯಾರಾಮೀಟರ್ ಕರೆಯುತ್ತಿದೆಯೇ ಎಂಬುದನ್ನೂ ನೋಡಿಕೊಳ್ಳಿ.

ಹೊರಹೋಗುವ ದಾರಿಯ ದೋಷಕ್ಕೆ ಮತ್ತೆ ಆ ಪ್ರಿಂಟ್‌ಎಲ್‌ಎನ್ ಸಾಲುಗಳೇ ಕಾರಣ. ಅವುಗಳಿಗಾಗಿ ಸರ್ವ್‌ಲೆಟ್ ಗೆಟ್ ರೈಟರ್ ಕರೆದ ಕ್ಷಣದಲ್ಲಿ, ಬೇರೆ ಏನೂ ಹೇಳಿರದ ಕಾರಣ, ರೆಸ್ಪಾನ್ಸ್‌ನ ಎನ್‌ಕೋಡಿಂಗ್ ಐಎಸ್‌ಒ-8859-1 ಎಂದು ನಿಗದಿಯಾಗಿಬಿಡುತ್ತದೆ. ಮುಂದೆ ಫಾರ್ವರ್ಡ್ ಬಫರನ್ನು ಅಳಿಸಿದರೂ ಈ ನಿಗದಿ ಅಳಿಯುವುದಿಲ್ಲ; ಜೆಎಸ್‌ಪಿ ತಾನು ಯುಟಿಎಫ್-8 ಎಂದು ಹೇಳಿಕೊಂಡರೂ ಆ ಮಾತಿಗೆ ಬೆಲೆ ಇರುವುದಿಲ್ಲ. ಐಎಸ್‌ಒ-8859-1ರಲ್ಲಿ ಕನ್ನಡಕ್ಕೆ ಸ್ಥಾನವೇ ಇಲ್ಲದ್ದರಿಂದ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಕೂರುತ್ತದೆ. ಗೆಟ್ ಭಾಗದಲ್ಲಿ ಆ ಸಾಲುಗಳಿಲ್ಲದ ಕಾರಣ ಅಲ್ಲಿ ಶೀರ್ಷಿಕೆಗಳು ಸರಿ ಕಾಣುತ್ತವೆ. ಇಲ್ಲಿ ಮೊದಲ ಉತ್ತರಕ್ಕೆ ಒಂದು ಚಿಕ್ಕ ತಿದ್ದುಪಡಿಯನ್ನೂ ಸೇರಿಸುತ್ತೇನೆ: ಫಾರ್ವರ್ಡ್ ಕೊಡುವ ಹಾಳೆ ಪೂರ್ತಿ ಖಾಲಿಯಲ್ಲ. ಬರೆದ ವಿಷಯ ಮಾತ್ರ ಅಳಿಯುತ್ತದೆ. ಮೊದಲ ಸರ್ವ್‌ಲೆಟ್ ಹಾಕಿದ ಹೆಡರ್‌ಗಳು, ಕುಕೀಗಳು, ಸ್ಟೇಟಸ್ ಉಳಿಯುತ್ತವೆ.

ಈಗಾಗಲೇ ಕೆಟ್ಟು ಡೇಟಾಬೇಸ್ ಸೇರಿರುವ ಹೆಸರುಗಳನ್ನು ಉಳಿಸಿಕೊಳ್ಳಬಹುದು. ಆ ರೋಮನ್ ಸಾಲನ್ನು ಐಎಸ್‌ಒ-8859-1ರಲ್ಲಿ ಬೈಟ್‌ಗಳಾಗಿ ಬಿಡಿಸಿ, ಅವನ್ನೇ ಯುಟಿಎಫ್-8 ಎಂದು ಮತ್ತೆ ಓದಿದರೆ ಹೆಸರು ಮರಳಿ ಬರುತ್ತದೆ. ಮೊದಲು ಬ್ಯಾಕಪ್ ತೆಗೆದಿಟ್ಟುಕೊಂಡು, ಹತ್ತು ಹೆಸರುಗಳ ಮೇಲೆ ಪ್ರಯತ್ನಿಸಿ, ಆಮೇಲೆ ಉಳಿದವುಗಳಿಗೆ ಅನ್ವಯಿಸಿ. ಪ್ರಶ್ನಾರ್ಥಕ ಚಿಹ್ನೆಯಾಗಿಯೇ ಡೇಟಾಬೇಸ್ ಸೇರಿದ ಹೆಸರುಗಳಿದ್ದರೆ ಅವುಗಳನ್ನು ಕಾಗದದ ದಾಖಲೆ ನೋಡಿ ಮತ್ತೆ ಟೈಪ್ ಮಾಡದೆ ಬೇರೆ ದಾರಿಯಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆಯೇ ದೋಷದ ಪುಟದ ಫಾರ್ವರ್ಡ್ ಕೆಳಗೆ ರಿಟರ್ನ್ ಇರಲಿಲ್ಲ. ಪ್ರಿಂಟ್‌ಎಲ್‌ಎನ್ ಸಾಲುಗಳನ್ನು ತೆಗೆದ ತಕ್ಷಣ ದೊಡ್ಡ ಸಂಘದ ದೋಷವೂ ಪ್ರಶ್ನಾರ್ಥಕ ಚಿಹ್ನೆಗಳೂ ಒಟ್ಟಿಗೇ ಹೋದವು. ಎನ್‌ಕೋಡಿಂಗ್ ಸಾಲು ಸೇರಿಸಿದ ಮೇಲೆ ಹೊಸ ಹೆಸರುಗಳು ಸರಿಯಾಗಿ ಬರುತ್ತಿವೆ. ಪರದೆಯಲ್ಲಿ ಓರೆಗೆರೆಯ ‘ಎ’ ಮತ್ತು ಸಣ್ಣ 2 ನಿಜಕ್ಕೂ ಇದ್ದವು. ಕೆಟ್ಟ ಹೆಸರುಗಳಲ್ಲಿ ಹತ್ತನ್ನು ಮರಳಿ ಪಡೆದು ನೋಡಿದ್ದೇನೆ, ಎಲ್ಲವೂ ಸರಿ ಇವೆ.

ಇನ್ನೆರಡು ಸಂದೇಹಗಳಿವೆ. ಒಂದು, ನಮ್ಮ ಲಾಗಿನ್ ಫಿಲ್ಟರ್ ಒಳಗೆ ಒಂದು ಲಾಗ್ ಸಾಲು ಹಾಕಿ ನೋಡಿದೆ. ಫಾರ್ವರ್ಡ್ ಆದ ಜೆಎಸ್‌ಪಿಗೆ ಆ ಫಿಲ್ಟರ್ ಓಡುತ್ತಲೇ ಇಲ್ಲ. ಇದು ಭದ್ರತೆಯ ಲೋಪವೇ? ಎರಡು, ಎಲ್ಲ ರಿಕ್ವೆಸ್ಟ್‌ಗಳನ್ನೂ ಒಂದೇ ಬಾಗಿಲಿನಿಂದ ಒಳಗೆ ತಂದು ಅಲ್ಲಿಂದ ಹಂಚುವುದು ಚೆನ್ನೆಂದು ಒಂದು ನಿಯಂತ್ರಕ ಸರ್ವ್‌ಲೆಟ್ ಬರೆದು ಅದನ್ನು /* ವಿಳಾಸಕ್ಕೆ ಜೋಡಿಸಿದೆ. ಮೊದಲ ಪುಟಕ್ಕೇ ಸ್ಟ್ಯಾಕ್ ಓವರ್‌ಫ್ಲೋ ಬಂತು.

ಉತ್ತರ 3

ಎರಡನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಫಾರ್ವರ್ಡ್ ಎಂಬುದು ಮೆಥಡ್ ಕರೆ ಎಂದು ಮೇಲೆ ಬಂದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಸಿಗಲಾರದು. ನಿಮ್ಮ ನಿಯಂತ್ರಕ ಜೆಎಸ್‌ಪಿಗೆ ಫಾರ್ವರ್ಡ್ ಮಾಡಿದಾಗ ಆ ವಿಳಾಸ ಯಾವ ಸರ್ವ್‌ಲೆಟ್‌ಗೆ ಸೇರುತ್ತದೆಂದು ಕಂಟೇನರ್, ಅಂದರೆ ಇಲ್ಲಿ ಟಾಮ್‌ಕ್ಯಾಟ್, ಮತ್ತೊಮ್ಮೆ ಹುಡುಕುತ್ತದೆ. ವಿಳಾಸ ಪೂರ್ವಾಂಶದ ಜೋಡಣೆಯಾದ /* ವಿಸ್ತರಣೆಯ ಜೋಡಣೆಗಿಂತ, ಅಂದರೆ ಜೆಎಸ್‌ಪಿ ಎಂದು ಕೊನೆಗೊಳ್ಳುವ ವಿಳಾಸಗಳನ್ನು ಹಿಡಿಯುವ ಜೋಡಣೆಗಿಂತ, ಮೇಲು. ಹಾಗಾಗಿ ಜೆಎಸ್‌ಪಿಗೆ ಎಂದು ಕಳುಹಿಸಿದ್ದು ಮತ್ತೆ ನಿಮ್ಮ ನಿಯಂತ್ರಕಕ್ಕೇ ಬರುತ್ತದೆ, ಅದು ಮತ್ತೆ ಫಾರ್ವರ್ಡ್ ಮಾಡುತ್ತದೆ. ಒಂದು ಕರೆಯೂ ಮುಗಿಯದೆ ಒಂದರ ಮೇಲೊಂದು ಪೇರಿಸಿಕೊಂಡು ಸ್ಟ್ಯಾಕ್ ತುಂಬುತ್ತದೆ. ಬರಿಯ / ಎಂಬ ಜೋಡಣೆ ಬಳಸಿದರೆ ಅದು ಎಲ್ಲಕ್ಕಿಂತ ಕೊನೆಯ ಆಯ್ಕೆಯಾಗಿರುವುದರಿಂದ ಜೆಎಸ್‌ಪಿ ತನ್ನ ದಾರಿಯಲ್ಲಿ ತಾನು ಹೋಗುತ್ತದೆ, ಆದರೆ ಚಿತ್ರ ಮತ್ತು ಸಿಎಸ್‌ಎಸ್ ಕಡತಗಳನ್ನು ಕೊಡುವ ಟಾಮ್‌ಕ್ಯಾಟ್‌ನ ಡಿಫಾಲ್ಟ್ ಸರ್ವ್‌ಲೆಟ್‌ನ ಜಾಗವನ್ನು ನೀವು ಕಿತ್ತುಕೊಂಡಂತಾಗುತ್ತದೆ. ನಿಮ್ಮ ಗಾತ್ರದ ಅಪ್ಲಿಕೇಶನ್‌ಗೆ ಎಲ್ಲ ಕ್ರಿಯೆಗಳ ವಿಳಾಸಕ್ಕೂ ‘ಸೇವೆ’ ಎಂಬಂಥ ಒಂದು ಪೂರ್ವಾಂಶ ಕೊಟ್ಟು, ನಿಯಂತ್ರಕವನ್ನು ಅದರಡಿಯ ವಿಳಾಸಗಳಿಗೆ ಮಾತ್ರ ಜೋಡಿಸುವುದೇ ಒಳ್ಳೆಯದು.

ಹೀಗೆ ಮಾಡಿದ ಮೇಲೆ ಸಿಎಸ್‌ಎಸ್ ಕಾಣದೆ ಹೋದರೆ ಗಾಬರಿಯಾಗಬೇಡಿ. ಬ್ರೌಸರ್‌ಗೆ ಫಾರ್ವರ್ಡ್ ಆದದ್ದು ತಿಳಿಯದ ಕಾರಣ ಪುಟದೊಳಗಿನ ಸಾಪೇಕ್ಷ ವಿಳಾಸಗಳನ್ನು ಅದು ಜೆಎಸ್‌ಪಿಯ ಜಾಗದಿಂದ ಲೆಕ್ಕಹಾಕದೆ, ತಾನು ಕೇಳಿದ ಮೂಲ ವಿಳಾಸದಿಂದ ಲೆಕ್ಕಹಾಕುತ್ತದೆ. ಪುಟದಲ್ಲಿ ಎಲ್ಲ ಕೊಂಡಿಗಳ ಮುಂದೆ ಕಾಂಟೆಕ್ಸ್ಟ್ ಪಾತ್ ಬರೆಯಿರಿ.

ಫಿಲ್ಟರ್ ವಿಷಯಕ್ಕೆ ಬಂದರೆ, ನೀವು ಕಂಡದ್ದು ಲೋಪವಲ್ಲ, ನಿಯಮವೇ ಹಾಗಿದೆ. ಸರ್ವ್‌ಲೆಟ್ 2.4ರಿಂದ ಈಚೆಗೆ ಫಿಲ್ಟರ್‌ನ ಜೋಡಣೆಯಲ್ಲಿ ಡಿಸ್ಪ್ಯಾಚರ್ ಎಂಬ ಅಂಶವಿದೆ: ರಿಕ್ವೆಸ್ಟ್, ಫಾರ್ವರ್ಡ್, ಇನ್‌ಕ್ಲೂಡ್, ಎರರ್ ಎಂಬ ನಾಲ್ಕು ಬಗೆ, 3.0ರಲ್ಲಿ ಅಸಿಂಕ್ ಎಂಬ ಐದನೆಯದು ಸೇರಿತು. ಏನೂ ಬರೆಯದಿದ್ದರೆ ರಿಕ್ವೆಸ್ಟ್ ಒಂದೇ, ಅಂದರೆ ಹೊರಗಿನಿಂದ ನೇರವಾಗಿ ಬಂದದ್ದಕ್ಕೆ ಮಾತ್ರ ಫಿಲ್ಟರ್ ಓಡುತ್ತದೆ. ವೆಬ್ ಡಾಟ್ ಎಕ್ಸ್‌ಎಂಎಲ್‌ನಲ್ಲಿ ಘೋಷಿಸುವ ಭದ್ರತಾ ನಿರ್ಬಂಧಗಳೂ ಫಾರ್ವರ್ಡ್ ಮತ್ತು ಇನ್‌ಕ್ಲೂಡ್‌ಗೆ ಅನ್ವಯಿಸುವುದಿಲ್ಲ. ಮನೆಯ ಹೊರಬಾಗಿಲಲ್ಲಿ ಒಮ್ಮೆ ವಿಚಾರಿಸಿ ಒಳಗೆ ಬಿಟ್ಟವರನ್ನು ಪ್ರತಿ ಕೋಣೆಯ ಬಾಗಿಲಲ್ಲೂ ಮತ್ತೆ ವಿಚಾರಿಸುವುದಿಲ್ಲ. ಲಾಗಿನ್ ಫಿಲ್ಟರ್‌ಗೆ ಫಾರ್ವರ್ಡ್ ಬಗೆಯನ್ನು ಸೇರಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಆದರೆ ಇದರಿಂದ ಎರಡು ಕರ್ತವ್ಯಗಳು ಹುಟ್ಟುತ್ತವೆ, ಇವೆರಡರಲ್ಲಿ ಸಡಿಲಿಕೆ ಸಲ್ಲದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೊದಲನೆಯದಾಗಿ, ಜೆಎಸ್‌ಪಿ ಕಡತಗಳನ್ನೆಲ್ಲ ವೆಬ್-ಇನ್ಫ್ ಫೋಲ್ಡರ್ ಒಳಗೆ ಇಡಿ. ಆ ಫೋಲ್ಡರ್‌ನಲ್ಲಿರುವುದನ್ನು ಬ್ರೌಸರ್ ನೇರವಾಗಿ ಕೇಳಿದರೆ ಕಂಟೇನರ್ ಕೊಡುವುದಿಲ್ಲ, ಒಳಗಿನಿಂದ ಫಾರ್ವರ್ಡ್ ಮಾಡಿದರೆ ಮಾತ್ರ ತೆರೆಯುತ್ತದೆ. ನಿಯಂತ್ರಕವನ್ನು ತಪ್ಪಿಸಿ ಪುಟ ತಲುಪುವ ಹಿತ್ತಿಲ ಬಾಗಿಲು ಹೀಗೆ ಮುಚ್ಚುತ್ತದೆ. ಎರಡನೆಯದು ಇದರ ಮಗ್ಗುಲಲ್ಲೇ ಇದೆ: ಫಾರ್ವರ್ಡ್ ಮಾಡಬೇಕಾದ ವಿಳಾಸವನ್ನು ಬಳಕೆದಾರರಿಂದ ಬಂದ ಪ್ಯಾರಾಮೀಟರ್‌ನಿಂದ ಎಂದೂ ಕಟ್ಟಬೇಡಿ. ಮುಂದಿನ ಪುಟ ಯಾವುದು ಎಂದು ಫಾರ್ಮ್‌ನಲ್ಲೇ ಬರೆದು ಅದಕ್ಕೆ ನೇರವಾಗಿ ಫಾರ್ವರ್ಡ್ ಮಾಡುವ ಕೋಡ್ ಹಳೆಯ ಅಪ್ಲಿಕೇಶನ್‌ಗಳಲ್ಲಿ ಇಂದಿಗೂ ಸಿಗುತ್ತದೆ. ಅಂಥಲ್ಲಿ ಯಾರಾದರೂ ವೆಬ್-ಇನ್ಫ್ ಒಳಗಿನ ಸಂರಚನಾ ಕಡತದ ವಿಳಾಸ ಬರೆದು ಕಳುಹಿಸಿದರೆ ಸರ್ವರ್ ಅದನ್ನೇ ಓದಿ ಕೊಟ್ಟುಬಿಡಬಹುದು. ವೆಬ್ ಭದ್ರತೆಗಾಗಿ ಕೆಲಸ ಮಾಡುವ ಓವಾಸ್ಪ್ ಸಂಸ್ಥೆ 2013ರಲ್ಲಿ ಪ್ರಕಟಿಸಿದ ಹತ್ತು ಮುಖ್ಯ ಅಪಾಯಗಳ ಪಟ್ಟಿಯಲ್ಲಿ, ಪರಿಶೀಲಿಸದ ರಿಡೈರೆಕ್ಟ್ ಮತ್ತು ಫಾರ್ವರ್ಡ್‌ಗಳಿಗೆ ಹತ್ತನೆಯ ಸ್ಥಾನವಿತ್ತು. ಬಳಕೆದಾರರಿಂದ ‘ಪಟ್ಟಿ’, ‘ಬಿಲ್’ ಎಂಬಂಥ ಚಿಕ್ಕ ಹೆಸರು ಬರಲಿ. ಯಾವ ಹೆಸರಿಗೆ ಯಾವ ಜೆಎಸ್‌ಪಿ ಎಂಬ ಕೋಷ್ಟಕ ನಿಮ್ಮ ಕೋಡ್‌ನಲ್ಲಿರಲಿ. ಕೋಷ್ಟಕದಲ್ಲಿಲ್ಲದ ಹೆಸರಿಗೆ 404 ಕೊಡಿ.

ಉತ್ತರ 4

ಪ್ರಶ್ನೆ ಕೇಳಿದವರು ಮುಂದೆ ಸ್ಪ್ರಿಂಗ್ ಎಂಬ ಜಾವಾ ಫ್ರೇಮ್‌ವರ್ಕ್ ಕಡೆಗೆ ಹೋಗುವ ಯೋಚನೆ ಮಾಡಿದರೆ ಒಂದು ಎಚ್ಚರಿಕೆ ಹೇಳಿಡಬೇಕು, ಏಕೆಂದರೆ ಉತ್ತರ 3ರಲ್ಲಿ ಹೇಳಿದ ಫಿಲ್ಟರ್‌ನ ಮಾತು ಅಲ್ಲಿ ತಿರುಗುಮುರುಗಾಗಿದೆ. ಸ್ಪ್ರಿಂಗ್ ಸೆಕ್ಯುರಿಟಿ 6ರಲ್ಲಿ ಅನುಮತಿ ಪರಿಶೀಲನೆ ಎಲ್ಲ ಬಗೆಯ ಡಿಸ್ಪ್ಯಾಚ್‌ಗೂ, ಫಾರ್ವರ್ಡ್ ಸೇರಿದಂತೆ, ಮೂಲತಃ ನಡೆಯುತ್ತದೆ. ಜೆಎಸ್‌ಪಿಯ ವಿಳಾಸಕ್ಕೆ ಅನುಮತಿ ಕೊಟ್ಟಿರದಿದ್ದರೆ, ಲಾಗಿನ್ ಪುಟವನ್ನು ತೋರಿಸಲು ಜೆಎಸ್‌ಪಿಗೆ ಫಾರ್ವರ್ಡ್ ಮಾಡುವುದನ್ನೇ ಅದು ತಡೆದು ಮತ್ತೆ ಲಾಗಿನ್ ಪುಟಕ್ಕೇ ಕಳುಹಿಸುತ್ತದೆ, ಬ್ರೌಸರ್ ರಿಡೈರೆಕ್ಟ್‌ಗಳ ಸುಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಹಳೆಯ ಆವೃತ್ತಿಯಿಂದ ಬಂದ ನನ್ನ ಒಂದು ಅಪ್ಲಿಕೇಶನ್‌ನಲ್ಲಿ ಇದರಿಂದ ಒಂದು ಇಡೀ ದಿನ ಹೋಯಿತು. ಫಾರ್ವರ್ಡ್ ಬಗೆಯ ಡಿಸ್ಪ್ಯಾಚ್‌ಗೆ ಅನುಮತಿ ಕೊಡುವ ಸಾಲನ್ನು ಎಲ್ಲ ನಿಯಮಗಳಿಗಿಂತ ಮೊದಲು ಬರೆದರೆ ಸರಿಹೋಗುತ್ತದೆ. ಸೆಷನ್‌ನಲ್ಲಿ ಸಂದೇಶವಿಟ್ಟು ಓದಿ ಅಳಿಸುವ ಕೆಲಸಕ್ಕೆ ಸ್ಪ್ರಿಂಗ್‌ನಲ್ಲಿ 3.1ರಿಂದಲೂ ಫ್ಲ್ಯಾಶ್ ಆಟ್ರಿಬ್ಯೂಟ್ ಎಂಬ ಸಿದ್ಧ ಸೌಲಭ್ಯವಿದೆ, ಕೈಯಾರೆ ಬರೆಯಬೇಕಾಗಿಲ್ಲ. ಟಾಮ್‌ಕ್ಯಾಟ್ 10ಕ್ಕೆ ಏರಿದರೆ ಜಾವಾಎಕ್ಸ್ ಎಂದು ಆರಂಭವಾಗುವ ಸರ್ವ್‌ಲೆಟ್ ಪ್ಯಾಕೇಜ್‌ಗಳೆಲ್ಲ ಜಕಾರ್ತಾ ಆಗುತ್ತವೆ. ಫಾರ್ವರ್ಡ್ ಆಗುವ ಮುನ್ನಿನ ಮೂಲ ವಿಳಾಸವನ್ನು ತಿಳಿಯಲು ಕಂಟೇನರ್ ಇಡುವ ಆಟ್ರಿಬ್ಯೂಟ್‌ನ ಹೆಸರೂ ಹಾಗೆಯೇ ಬದಲಾಗುತ್ತದೆ. ಆ ಹೆಸರನ್ನು ನೇರ ಅಕ್ಷರಗಳಲ್ಲಿ ಬರೆದಿದ್ದರೆ ಕಂಪೈಲರ್ ಏನೂ ಹೇಳುವುದಿಲ್ಲ, ಮೌಲ್ಯ ಮಾತ್ರ ನಲ್ ಆಗಿ ಬರುತ್ತದೆ.

ಪ್ರಶ್ನೆ ಕೇಳಿದವರಿಂದ

ನಿಯಂತ್ರಕವನ್ನು ಪೂರ್ವಾಂಶದಡಿ ಜೋಡಿಸಿ, ಜೆಎಸ್‌ಪಿಗಳನ್ನೆಲ್ಲ ವೆಬ್-ಇನ್ಫ್ ಒಳಗೆ ಸಾಗಿಸಿದ್ದೇನೆ. ಯುನೀಕ್ ಕೀ ಹಾಕಲು ಹೋದಾಗ ಹಳೆಯ ನಕಲು ದಾಖಲೆಗಳು ಅಡ್ಡಬಂದವು. ಮೂರು ಸಂಘಗಳಲ್ಲಿ ಒಟ್ಟು 17 ದಾಖಲೆಗಳು ಎರಡೆರಡು ಸಲ ಇದ್ದವು. ಆ ದಿನಗಳ ಕಾಗದದ ಪುಸ್ತಕವನ್ನು ಕಾರ್ಯದರ್ಶಿಯವರ ಜೊತೆ ಕುಳಿತು ನೋಡಿದಾಗ ಅವುಗಳಲ್ಲಿ ಎರಡು ನಿಜವಾಗಿಯೂ ಎರಡನೆಯ ಕ್ಯಾನ್ ಎಂದು ತಿಳಿಯಿತು. ಹಾಗಾಗಿ ಉತ್ತರ 2ರಲ್ಲಿ ಹೇಳಿದ ಗುಪ್ತ ಕ್ರಮಸಂಖ್ಯೆಯನ್ನೂ ಕೀಯಲ್ಲಿ ಸೇರಿಸಿದ್ದೇನೆ. ಉಳಿದ 15ನ್ನು ಅಳಿಸಿ ಆ ವಾರಗಳ ಬಿಲ್‌ಗಳನ್ನು ಮತ್ತೆ ಲೆಕ್ಕಹಾಕುತ್ತಿದ್ದೇನೆ.